ವಿಟ್ಬಿಗೆ ನಾಯಿ ಜೊತೆ: ಕ್ಯಾರವಾನ್ ವಾಸಕ್ಕೆ ಹೀಗೆ ತಯಾರಾಗಿ

ಇಂಗ್ಲೆಂಡಿನ ಉತ್ತರ ಯಾರ್ಕ್‌ಷೈರ್‌ನಲ್ಲಿ, ಎಸ್ಕ್ ನದಿ ಸಮುದ್ರ ಸೇರುವಲ್ಲಿರುವ ಬಂದರು ಊರು ವಿಟ್ಬಿ. ರಜೆ ಬಂತೆಂದರೆ ಅಲ್ಲಿನ ಇಕ್ಕಟ್ಟು ಬೀದಿಗಳಲ್ಲಿ ಮನುಷ್ಯರಷ್ಟೇ ನಾಯಿಗಳೂ ಕಾಣುತ್ತವೆ. ಲೀಡ್ಸ್, ಯಾರ್ಕ್, ಮಿಡಲ್ಸ್‌ಬರೋ ಕಡೆ ನೆಲೆಸಿರುವ ನಮ್ಮವರಿಗೂ ಇದು ಕೈಗೆಟಕುವ ಕಡಲತೀರ. ನಾಯಿ ಸಾಕಿದವರಿಗೆ ಹೋಟೆಲಿಗಿಂತ ಕ್ಯಾರವಾನೇ (ಗಾಲಿಗಳ ಮೇಲಿನ ಪುಟ್ಟ ಮನೆ) ವಾಸಿ. ಬಾಗಿಲು ತೆಗೆದರೆ ಹುಲ್ಲು, ಅಡುಗೆ ನಮ್ಮದೇ, ಒದ್ದೆ ಕಾಲಿನ ಗುರುತಿಗೆ ಮುಖ ಸಿಂಡರಿಸುವ ರಿಸೆಪ್ಷನ್ ಇಲ್ಲ.

ಆದರೆ ಕ್ಯಾರವಾನ್ ನಿಲ್ಲಿಸುವ ಬಹುತೇಕ ಪಾರ್ಕುಗಳಲ್ಲಿ ನಾಯಿಯನ್ನು ಕ್ಯಾರವಾನ್ ಒಳಗೆ ಒಂಟಿಯಾಗಿ ಬಿಟ್ಟು ಹೋಗುವಂತಿಲ್ಲ. ಈ ಒಂದು ನಿಯಮ ಗೊತ್ತಿಲ್ಲದೆ ಮಾಡಿದ ಪ್ಲಾನ್ ಮೊದಲ ದಿನವೇ ತಲೆಕೆಳಗಾಗುತ್ತದೆ. ಆದ್ದರಿಂದ ಪ್ರತಿ ಹೊತ್ತಿನಲ್ಲೂ ನಾಯಿ ಎಲ್ಲಿರುತ್ತದೆ, ಯಾರ ಜೊತೆ ಇರುತ್ತದೆ ಎಂದು ಮೊದಲು ಬರೆದುಕೊಳ್ಳಿ. ಊರು ನೋಡುವ ಪಟ್ಟಿ ಆಮೇಲೆ.

ಮೊದಲು ತಿಂಗಳು ಗೊತ್ತುಮಾಡಿ

ವಿಟ್ಬಿಯ ಮುಖ್ಯ ಬೀಚಿನ ಒಂದು ಭಾಗಕ್ಕೆ ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ನಾಯಿಗಳಿಗೆ ಪ್ರವೇಶವಿಲ್ಲ. ಎಲ್ಲಿಂದ ಎಲ್ಲಿಯವರೆಗೆ ಎಂಬುದು ಮರಳಿಗಿಳಿಯುವ ದಾರಿಯ ಫಲಕದಲ್ಲೇ ಇರುತ್ತದೆ. ಜುಲೈ ಕೊನೆಯಿಂದ ಸೆಪ್ಟೆಂಬರ್ ಆರಂಭದವರೆಗೆ ಶಾಲೆಗಳ ಬೇಸಿಗೆ ರಜೆ, ಆಗ ಬಾಡಿಗೆಯೂ ಗಗನಕ್ಕೇರುತ್ತದೆ. ಶಾಲೆಗೆ ಹೋಗುವ ಮಕ್ಕಳಿಲ್ಲದಿದ್ದರೆ ಅಕ್ಟೋಬರ್ ಮೊದಲ ಎರಡು ವಾರ ಒಳ್ಳೆಯದು ಎಂಬುದು ನನ್ನ ಮತ. ಇಡೀ ಬೀಚು ನಾಯಿಗೆ ತೆರೆದಿರುತ್ತದೆ, ಚಳಿಯೂ ಇನ್ನೂ ಕಚ್ಚುವುದಿಲ್ಲ. ಅಕ್ಟೋಬರ್ ಕೊನೆಗೆ ಹೋದರೆ ಶಾಲೆಗಳ ಅರ್ಧಾವಧಿ ರಜೆ ಒಂದು ಕಡೆ, ಕಪ್ಪು ಬಟ್ಟೆ ತೊಟ್ಟ ಗಾತ್ (ಕರಾಳ ಶೈಲಿಯ ಸಂಗೀತ, ಉಡುಪಿನ) ಹಬ್ಬದವರು ಇನ್ನೊಂದು ಕಡೆ; ಊರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಪಟಾಕಿಗೆ ಹೆದರುವ ನಾಯಿಯಾದರೆ ನವೆಂಬರ್ 5ರ ಆಸುಪಾಸು ಹೊರಡಲೇಬೇಡಿ. ನಮ್ಮ ದೀಪಾವಳಿಯಂತೆ ಅಂದು ಬ್ರಿಟನ್ನಿನ ಎಲ್ಲ ಊರಲ್ಲೂ ಸದ್ದು.

ಎಂಥ ಕ್ಯಾರವಾನ್?

ಎರಡು ಬಗೆ. ಪಾರ್ಕಿನಲ್ಲೇ ನಿಂತಿರುವ ಸ್ಟ್ಯಾಟಿಕ್ ಕ್ಯಾರವಾನನ್ನು ಬಾಡಿಗೆಗೆ ಹಿಡಿಯಬಹುದು. ಇಲ್ಲವೇ ಟೂರರ್ ಅನ್ನು ಕಾರಿಗೆ ಕಟ್ಟಿಕೊಂಡು ಹೋಗಿ ಪಾರ್ಕಿನವರು ಕೊಡುವ ಜಾಗದಲ್ಲಿ, ಅಂದರೆ ಪಿಚ್‌ನಲ್ಲಿ, ನಿಲ್ಲಿಸಬಹುದು. ಮೊದಲ ಸಲ ಹೋಗುವವರು ಸ್ಟ್ಯಾಟಿಕ್ ಹಿಡಿಯಲಿ. ಎಳೆದುಕೊಂಡು ಹೋಗುವುದು, ಹಿಂದಕ್ಕೆ ತೆಗೆಯುವುದು, ನೀರು ತುಂಬುವುದು, ಇದೆಲ್ಲದರ ನಡುವೆ ಕಾರಿನಲ್ಲಿ ಕೂಗಾಡುವ ನಾಯಿ: ಹೊಸಬರಿಗೆ ಇಷ್ಟು ಒಟ್ಟಿಗೆ ಬೇಡ.

ಬುಕ್ ಮಾಡುವ ಮೊದಲು ಪಾರ್ಕಿಗೆ ಫೋನ್ ಮಾಡಿ. ವೆಬ್‌ಸೈಟಿನ ನಾಯಿ ಚಿತ್ರ ನೋಡಿ ನಂಬಬೇಡಿ. ಎಷ್ಟು ನಾಯಿಗೆ ಅವಕಾಶ? ಅದಕ್ಕೆ ಬೇರೆ ಶುಲ್ಕವೆಷ್ಟು, ದಿನಕ್ಕೋ ಇಡೀ ವಾಸ್ತವ್ಯಕ್ಕೋ? ಕೆಲವು ತಳಿಗಳಿಗೆ ನಿಷೇಧ ಇದೆಯೇ? ಜೋರು ಮಳೆಯಲ್ಲಿ ರಾತ್ರಿ ನಾಯಿಯನ್ನು ಎಲ್ಲಿಗೆ ಕರೆದೊಯ್ಯಬೇಕು? ಕೊನೆಯ ಪ್ರಶ್ನೆ ಕೇಳಲು ಜನ ಮರೆಯುತ್ತಾರೆ. ಬಂಡೆಯಂಚಿನಲ್ಲಿರುವ ಪಾರ್ಕಾದರೆ ಬೇಲಿ ಇದೆಯೇ ಎಂದೂ ಕೇಳಿ. ಗಲ್ ಎಂಬ ಕಡಲ ಹಕ್ಕಿಯ ಬೆನ್ನತ್ತಿ ಅಂಚಿನಿಂದ ಬೀಳುವ ನಾಯಿಗಳ ಸುದ್ದಿ ಈ ದೇಶದ ಕರಾವಳಿಯಲ್ಲಿ ಹೊಸದಲ್ಲ.

ದಾರಿ

ಟೂರರ್ ಎಳೆಯುವವರು ಇದನ್ನು ಗಮನವಿಟ್ಟು ಓದಿ. ಥರ್ಸ್ಕ್‌ನಿಂದ ಎ170 ರಸ್ತೆ ಹಿಡಿದರೆ ಸಟನ್ ಬ್ಯಾಂಕ್ ಎಂಬ ಕಡಿದಾದ ಏರು ಸಿಗುತ್ತದೆ. ಅಲ್ಲಿ ಕ್ಯಾರವಾನ್‌ಗಳಿಗೆ ಪ್ರವೇಶವೇ ಇಲ್ಲ. ಕಾರಿಗೆಂದು ಹೊಂದಿಸಿದ ಜಿಪಿಎಸ್‌ಗೆ ಇದು ಹೊಳೆಯುವುದಿಲ್ಲ. ಲೀಡ್ಸ್, ಯಾರ್ಕ್ ಕಡೆಯವರು ಎ64ರಲ್ಲಿ ಮಾಲ್ಟನ್‌ವರೆಗೆ ಹೋಗಿ, ಪಿಕರಿಂಗ್ ಮೂಲಕ ಎ169 ಹಿಡಿಯುವುದು ರೂಢಿ. ಅದರಲ್ಲೂ ಸ್ಲೈಟ್ಸ್ ಹಳ್ಳಿಗೆ ಇಳಿಯುವ ಬ್ಲೂ ಬ್ಯಾಂಕ್ ಶೇ 20ರಷ್ಟು ಇಳಿಜಾರು. ಬ್ರೇಕ್ ಕೈಕೊಟ್ಟವರಿಗಾಗಿ ಪಕ್ಕದಲ್ಲಿ ಪ್ರತ್ಯೇಕ ಪಥವನ್ನೇ ಮಾಡಿಟ್ಟಿದ್ದಾರೆ. ಮೇಲಿನಿಂದಲೇ ಕೆಳ ಗೇರಿಗೆ ಹಾಕಿ ಇಳಿಯಿರಿ. ಧೈರ್ಯ ಸಾಲದಿದ್ದರೆ ಸ್ಕಾರ್ಬರೋವರೆಗೆ ಎ64ರಲ್ಲೇ ಹೋಗಿ, ಅಲ್ಲಿಂದ ಎ171ರಲ್ಲಿ ಬನ್ನಿ. ಸುತ್ತಾದರೂ ನೆಮ್ಮದಿ.

ಕ್ಯಾರವಾನ್ ಎಳೆಯುವಾಗ ಮೋಟಾರ್‌ವೇ ಮತ್ತು ಡ್ಯುಯಲ್ ಕ್ಯಾರೇಜ್‌ವೇಯಲ್ಲಿ (ನಡುವೆ ವಿಭಜಕವಿರುವ ರಸ್ತೆ) ಗಂಟೆಗೆ 60 ಮೈಲಿ, ಸಾಮಾನ್ಯ ರಸ್ತೆಯಲ್ಲಿ 50 ಮೈಲಿ ಮಿತಿ. ನಾಯಿ ಕಾರಿನೊಳಗೆ, ಸೀಟ್ ಬೆಲ್ಟಿಗೆ ಸಿಕ್ಕಿಸಿದ ಹಾರ್ನೆಸ್‌ನಲ್ಲೋ ಪಂಜರದಲ್ಲೋ ಇರಬೇಕು. ಹಿಂದಿನ ಕ್ಯಾರವಾನ್‌ನಲ್ಲಿ ಕೂಡಿಹಾಕಬೇಡಿ.

ಕಾರಿಲ್ಲದವರಿಗೆ ಮಿಡಲ್ಸ್‌ಬರೋದಿಂದ ಎಸ್ಕ್ ಕಣಿವೆಯ ರೈಲಿದೆ, ಸುಮಾರು ಒಂದೂವರೆ ಗಂಟೆ ದಾರಿ. ಒಬ್ಬ ಪ್ರಯಾಣಿಕರ ಜೊತೆ ಎರಡು ನಾಯಿಗಳಿಗೆ ಟಿಕೆಟ್ ಬೇಡ.

ನಾಯಿಯ ಗಂಟುಮೂಟೆ

ಇಂಗ್ಲೆಂಡಿನಲ್ಲಿ 2016ರಿಂದ ನಾಯಿಗೆ ಮೈಕ್ರೋಚಿಪ್ (ಚರ್ಮದಡಿ ಸೇರಿಸುವ ಗುರುತಿನ ಚಿಪ್) ಕಡ್ಡಾಯ. ಸಾರ್ವಜನಿಕ ಜಾಗದಲ್ಲಿ ಕೊರಳಪಟ್ಟಿಯ ಬಿಲ್ಲೆಯ ಮೇಲೆ ಮಾಲೀಕರ ಹೆಸರು, ವಿಳಾಸ ಇರಬೇಕು. ಮನೆ ಬದಲಿಸಿದವರು ಚಿಪ್ಪಿನ ದಾಖಲೆಯಲ್ಲಿರುವ ವಿಳಾಸ, ಫೋನ್ ನಂಬರು ಸರಿಪಡಿಸಿದ್ದಾರೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳಲಿ. ನಾಯಿ ಕಳೆದುಹೋದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಹಳೆಯ ಟವೆಲ್‌ಗಳು, ಅದು ದಿನಾ ಮಲಗುವ ಹಾಸಿಗೆ (ಒಗೆಯದೆ, ಅದರ ವಾಸನೆಯ ಸಮೇತ), ಮೈಗೆ ಕಚ್ಚಿ ರಕ್ತ ಹೀರುವ ಉಣ್ಣಿ ಕೀಳುವ ಕೊಕ್ಕೆ, ಕತ್ತಲಲ್ಲಿ ಹೊಳೆಯುವ ಕೊರಳಪಟ್ಟಿ ಇಟ್ಟುಕೊಳ್ಳಿ. ಹತ್ತಿರದ ಪಶುವೈದ್ಯರ ನಂಬರು ಫೋನಿನಲ್ಲಿರಲಿ.

ಕ್ಯಾರವಾನ್ ಒಳಗೆ

ನಮ್ಮ ಅಡುಗೆಗೂ ಕ್ಯಾರವಾನಿಗೂ ಸ್ವಲ್ಪ ಜಗಳವಿದೆ. ಎಣ್ಣೆ ಕಾಯಿಸಿ ಸಾಸಿವೆ, ಒಣಮೆಣಸಿನಕಾಯಿ ಹಾಕಿದಿರಿ ಅನ್ನಿ. ಘಾಟು ಮೇಲೇಳುತ್ತಿದ್ದಂತೆ ತಲೆಯ ಮೇಲಿನ ಹೊಗೆ ಅಲಾರಂ ಕಿರುಚಲು ಶುರು. ಮೇಜಿನಡಿ ಮಲಗಿದ್ದ ನಾಯಿ ತೆರೆದ ಬಾಗಿಲಿನಿಂದ ಹೊರಗೋಡಿದರೆ ಪಾರ್ಕಿಡೀ ಹುಡುಕಬೇಕು. ಆದ್ದರಿಂದ ಒಗ್ಗರಣೆಗೆ ಮುಂಚೆ ಕಿಟಕಿ ತೆಗೆಯಿರಿ, ನಾಯಿಗೆ ಲೀಶ್ ಹಾಕಿ ಯಾರಾದರೂ ಹೊರಗೆ ಕರೆದುಕೊಂಡು ಹೋಗಲಿ. ಅಲಾರಂ ಬ್ಯಾಟರಿ ತೆಗೆಯುವ ಉಪಾಯ ಮಾತ್ರ ಬೇಡ. ಗಾಳಿ ಬರುತ್ತದೆಂದು ನೆಲದ ಕಿಂಡಿಗೆ ಬಟ್ಟೆ ತುರುಕುವುದೂ ಬೇಡ; ಗ್ಯಾಸ್ ಸೋರಿದರೆ ಹೊರಹೋಗುವುದು ಅಲ್ಲಿಂದಲೇ.

ಪಿಚ್‌ನ ಕರೆಂಟ್ ಎಷ್ಟು ಆಂಪಿಯರ್ ಎಂದು ಟೂರರ್‌ನವರು ಕೇಳಿಕೊಳ್ಳಬೇಕು. 16 ಆಂಪಿಯರ್ ಇದ್ದರೆ ಒಟ್ಟು 3,680 ವ್ಯಾಟ್, 10 ಇದ್ದರೆ 2,300 ಮಾತ್ರ. ಮನೆಯ ಕೆಟಲ್ ಒಂದೇ ಸುಮಾರು 3,000 ವ್ಯಾಟ್ ಎಳೆಯುತ್ತದೆ. ಕಡಿಮೆ ವ್ಯಾಟಿನ ಕೆಟಲ್ ತನ್ನಿ. ಹೀಟರ್ ಓಡುವಾಗ ಮಿಕ್ಸಿ ಹಚ್ಚಬೇಡಿ. ಚಟ್ನಿಪುಡಿ ಮನೆಯಿಂದಲೇ ಬರಲಿ.

ಮಿಕ್ಕ ಅಡುಗೆಯನ್ನು ನಾಯಿಗೆ ಹಾಕುವ ಅಭ್ಯಾಸವಿದ್ದರೆ ಇಲ್ಲಿ ಎಚ್ಚರ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಹಾಳುಮಾಡುತ್ತವೆ, ಬೇಯಿಸಿದ್ದೂ ಅಷ್ಟೇ. ಈರುಳ್ಳಿ ಸಾಂಬಾರ್ ಕಲಸಿದ ಅನ್ನ ಬೇಡ. ದ್ರಾಕ್ಷಿಯಿಂದ ಮೂತ್ರಪಿಂಡಕ್ಕೆ ಪೆಟ್ಟು, ಹಾಗಾಗಿ ಕೇಸರಿಬಾತಿನ ಒಣದ್ರಾಕ್ಷಿಯೂ ಬೇಡ.

ಬಿಸಿಲಿನ ದಿನ ನಿಂತ ಕ್ಯಾರವಾನ್ ಕಾರಿನಷ್ಟೇ ಕಾಯುತ್ತದೆ. ಪಾರ್ಕಿನವರು ಒಂಟಿಯಾಗಿ ಬಿಡಬೇಡಿ ಎನ್ನುವುದು ಬರೀ ಬೊಗಳುವ ಕಾಟಕ್ಕಲ್ಲ.

ಮರಳಿಗಿಳಿಯುವ ಮುನ್ನ ಉಬ್ಬರದ ಹೊತ್ತು ನೋಡಿ

ಎರಡು ಉಬ್ಬರಗಳ ನಡುವೆ ಸುಮಾರು ಹನ್ನೆರಡೂವರೆ ಗಂಟೆ ಅಂತರ, ಆದ್ದರಿಂದ ಹೊತ್ತು ದಿನವೂ ಮುಂದಕ್ಕೆ ಜರುಗುತ್ತದೆ. ನಿನ್ನೆಯ ಲೆಕ್ಕ ಇಂದಿಗೆ ನಡೆಯದು. ವಿಟ್ಬಿಯಿಂದ ಸ್ಯಾಂಡ್ಸೆಂಡ್ ಹಳ್ಳಿಯವರೆಗೆ ಮರಳ ಮೇಲೆ ನಡೆಯುವುದು ನಾಯಿಗಳಿಗೆ ಹಬ್ಬ, ಆದರೆ ನೀರು ಏರಿದಾಗ ಅಲೆ ಬಂಡೆಯ ಬುಡಕ್ಕೇ ಬಡಿಯುತ್ತದೆ. ನೀರು ಇಳಿಯುತ್ತಿರುವಾಗ ಹೊರಟು, ಮತ್ತೆ ಏರತೊಡಗುವ ಹೊತ್ತಿಗೆ ದಡ ಸೇರಿರಬೇಕು. ಊರಿನ ಪೂರ್ವಕ್ಕೆ ಸಾಲ್ಟ್‌ವಿಕ್ ಕಡೆಯ ಬಂಡೆಬುಡ ಇನ್ನೂ ಅಪಾಯಕಾರಿ. ಹಿಂದೆ ಕಡಿದಾದ ಗೋಡೆ, ಮುಂದೆ ನೀರು, ಮೇಲಿನಿಂದ ಕಲ್ಲು ಉದುರುವ ಭಯ ಬೇರೆ. ಸಿಕ್ಕಿಹಾಕಿಕೊಂಡರೆ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ (ಕರಾವಳಿ ರಕ್ಷಣಾ ಪಡೆ) ಬೇಕೆಂದು ಕೇಳಿ. ನೀರಿಗೆ ಬಿದ್ದ ನಾಯಿಯ ಹಿಂದೆ ನೀವು ಹಾರಬೇಡಿ.

ಸಿಹಿನೀರಿನ ಬಾಟಲಿ, ಬಟ್ಟಲು ಜೊತೆಗಿರಲಿ. ಸಮುದ್ರದ ನೀರು ಕುಡಿದ ನಾಯಿಗೆ ವಾಂತಿ, ಭೇದಿ ಶುರುವಾದರೆ ಆ ರಾತ್ರಿ ಕ್ಯಾರವಾನ್‌ನಲ್ಲಿ ಯಾರಿಗೂ ನಿದ್ದೆಯಿಲ್ಲ.

ಊರೊಳಗೆ, ಊರಾಚೆ

ಪೂರ್ವದ ಗುಡ್ಡದ ಮೇಲಿನ ಪಾಳು ಮಠಕ್ಕೆ 199 ಮೆಟ್ಟಿಲು ಹತ್ತಬೇಕು; ಲೀಶ್ ಹಾಕಿದ್ದರೆ ನಾಯಿಯನ್ನೂ ಒಳಬಿಡುತ್ತಾರೆ. ಮುದಿ ನಾಯಿಯಾದರೆ ಕಾರಿನಲ್ಲಿ ಮೇಲಕ್ಕೆ ಹೋಗಿ. ನಾಯಿಗೆ ಜಾಗ ಕೊಡುವ ಪಬ್‌ಗಳೂ ಕೆಫೆಗಳೂ ಬೇಕಾದಷ್ಟಿವೆ. ಹೊರಗೆ ಕೂತು ಮೀನು, ಚಿಪ್ಸ್ ತಿನ್ನುವಾಗ ಗಲ್ ಹಕ್ಕಿಗಳ ಮೇಲೆ ಕಣ್ಣಿರಲಿ. ಪೊಟ್ಟಣಕ್ಕೆ ಎರಗುವ ಹಕ್ಕಿಯನ್ನು ಕಂಡರೆ ನಾಯಿ ಮೇಜನ್ನೂ ಎಳೆದುಕೊಂಡು ಓಡೀತು, ಆದ್ದರಿಂದ ಲೀಶನ್ನು ಮೇಜಿನ ಕಾಲಿಗೆ ಕಟ್ಟಬೇಡಿ.

ಜನಜಂಗುಳಿ ಸಾಕೆನಿಸಿದರೆ ಸಿಂಡರ್ ಟ್ರ್ಯಾಕ್ ಇದೆ. 1885ರಲ್ಲಿ ಶುರುವಾಗಿ 1965ರಲ್ಲಿ ಮುಚ್ಚಿದ ಸ್ಕಾರ್ಬರೋ ರೈಲು ಹಳಿಯ ಜಾಗವೇ ಈಗ ಸುಮಾರು 35 ಕಿ.ಮೀ. ಉದ್ದದ ಕಾಲುದಾರಿ. ಎಸ್ಕ್ ನದಿಯ ಮೇಲೆ ಅದು ಹಾದುಹೋಗುವ 13 ಕಮಾನಿನ ಇಟ್ಟಿಗೆ ಸೇತುವೆಯವರೆಗೆ ಹೋಗಿ ಬಂದರೂ ಒಂದು ಬೆಳಗಿಗೆ ಸಾಕು. ಸೈಕಲ್‌ನವರೂ ಓಡಾಡುತ್ತಾರೆ, ನಾಯಿ ಪಕ್ಕದಲ್ಲೇ ಇರಲಿ.

ಊರ ಹಿಂದಿನ ಮೂರ್ಸ್ ಬಯಲಿನಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ಹಕ್ಕಿಗಳು ನೆಲದಲ್ಲಿ ಗೂಡು ಕಟ್ಟುತ್ತವೆ. ಆಗ ಎರಡು ಮೀಟರ್ ಮೀರದ ಲೀಶ್ ಕಡ್ಡಾಯ. ಕುರಿಗಳ ಹತ್ತಿರವಂತೂ ವರ್ಷವಿಡೀ ಇದೇ ನಿಯಮ. ಕುರಿಯನ್ನು ಬೆನ್ನಟ್ಟುವ ನಾಯಿಗೆ, ಬೇರೆ ದಾರಿಯಿಲ್ಲದಿದ್ದರೆ, ರೈತ ಗುಂಡು ಹೊಡೆದರೂ ಕಾನೂನು ಅವನ ಬೆನ್ನಿಗಿರುತ್ತದೆ. ಮನೆಯಲ್ಲಿ ಎಷ್ಟೇ ಸಾಧುವಾದರೂ ಇಲ್ಲಿ ಲೀಶ್ ಬಿಚ್ಚಬೇಡಿ.

ಹೊರಡುವ ದಿನ

ಸ್ಟ್ಯಾಟಿಕ್ ಕ್ಯಾರವಾನಿನ ಕೀಲಿಯನ್ನು ಸಾಮಾನ್ಯವಾಗಿ ಬೆಳಿಗ್ಗೆ 10ರೊಳಗೆ ಒಪ್ಪಿಸಬೇಕು. ಸೋಫಾದ ಮೇಲೆ ಕೂದಲಿದ್ದರೆ ಸ್ವಚ್ಛತೆಗೆ ಬೇರೆ ಹಣ ಕೇಳಬಹುದು. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿ, ತುಸು ಒದ್ದೆ ಮಾಡಿ, ಬಟ್ಟೆಯ ಮೇಲೆ ಒಂದೇ ದಿಕ್ಕಿಗೆ ಉಜ್ಜಿದರೆ ಕೂದಲೆಲ್ಲ ಉಂಡೆಯಾಗಿ ಬರುತ್ತದೆ. ಆಮೇಲೆ ವ್ಯಾಕ್ಯೂಮ್ ಹಾಕಿ. ಇದೆಲ್ಲ ಮುಗಿಯುವವರೆಗೆ ನಾಯಿ ಕಾಲಿಗೆ ಸಿಗದಂತೆ ಮನೆಯವರೊಬ್ಬರು ಅದನ್ನು ಕೊನೆಯ ಸುತ್ತಿಗೆ ಕರೆದೊಯ್ಯಲಿ.