ಈಜೋ, ಬ್ಯಾಡ್ಮಿಂಟನ್ನೋ? ಮಗಳ ಆಟ ಆರಿಸಿದ ಬಗೆ

ನನ್ನ ಮಗಳಿಗೆ 9 ವರ್ಷ. ಈಜು, ಬ್ಯಾಡ್ಮಿಂಟನ್ ಎರಡೂ ಇಷ್ಟ. ಸ್ಪರ್ಧೆಗೆ ಯಾವುದು ಅನ್ನೋ ಗೊಂದಲ ನಿಮಗೂ ಇದ್ದರೆ, ಮೊದಲು ಮೂರು ತಿಂಗಳು ಎರಡನ್ನೂ ಕಲಿಸಿ. ಪದಕದ ಮಾತು ಎತ್ತಲೇಬೇಡಿ.

ಸೋತ ದಿನ ಮಗುವನ್ನು ಗಮನಿಸಿ. ಷಟಲ್‌ನಲ್ಲಿ ಸೋತರೆ ಇವಳು ಅಳುತ್ತಿದ್ದಳು. ಹತ್ತೇ ನಿಮಿಷಕ್ಕೆ ‘ಅಮ್ಮಾ, ಇನ್ನೊಂದು ಗೇಮ್’ ಅನ್ನುತ್ತಿದ್ದಳು. ಈಜಿನಲ್ಲಿ ಕೊನೆಗೆ ಬಂದರೂ ನಗುತ್ತಲೇ ಇರುತ್ತಿದ್ದಳು. ನೀರು ಅವಳಿಗೆ ಖುಷಿಗೆ ಅಷ್ಟೇ ಅಲ್ವಾ? ನನಗೆ ಅಲ್ಲೇ ಉತ್ತರ ಸಿಕ್ಕಿತು: ಸ್ಪರ್ಧೆಗೆ ಬ್ಯಾಡ್ಮಿಂಟನ್.

ಖರ್ಚನ್ನು ಮೊದಲೇ ಕೂಡಿ ನೋಡಿ. ಕೋಚಿಂಗ್ ಫೀಸು ಒಂದೇ ಅಲ್ಲ. ಷಟಲ್‌ಗೆ 16 ಗರಿ. ಒಂದೆರಡು ಮುರಿದರೂ ಅದರ ಹಾರಾಟ ಕೆಡುತ್ತದೆ, ಹೊಸದು ಬೇಕು. ರಾಕೆಟ್ ಗಟ್ಟಿಂಗ್ (ಹೊಸ ತಂತಿ ಹಾಕಿಸುವುದು), ಶೂ, ಟೂರ್ನಿಗೆ ಮೈಸೂರಿಂದ ಬೆಂಗಳೂರಿಗೆ ಓಡಾಟ ಬೇರೆ. ವಯಸ್ಸಿನ ವಿಭಾಗ ಇರುವುದರಿಂದ ಜನನ ಪ್ರಮಾಣಪತ್ರ ತೆಗೆದಿಟ್ಟುಕೊಳ್ಳಿ.

ಫೀಸು ಕಟ್ಟುವ ಮುಂಚೆ ಒಂದು ವಾರ ಸುಮ್ನೆ ಕೂತು ನೋಡಿ. ಸೋತ ಮಕ್ಕಳ ಜೊತೆ ಕೋಚ್ ಹೇಗೆ ಮಾತಾಡುತ್ತಾರೆ? ಮೊದಲು ಹೋದ ಕಡೆ ಬೈಗುಳ ಜಾಸ್ತಿ ಇತ್ತು, ಬಿಟ್ಟು ಬಂದೆವು.

ಈಜು ಬಿಡಿಸಿಲ್ಲ. ಭಾನುವಾರ ಸರಸ್ವತಿಪುರಂ ಈಜುಕೊಳಕ್ಕೆ ಹೋಗುತ್ತೇವೆ, ಟೈಮ್ ನೋಡುವುದಿಲ್ಲ.