ಪಡುಗಾಳಿಗೆ ನಿಲ್ಲುವ ಆನಿಂಗ್: ನನ್ನ ಅನುಭವ

"ಮಲ್ಪೆ, ಕಾಪು ಕಡೆಯ ಗಾಳಿಗೆ ಗಾಡಿಯ ಆನಿಂಗ್ ಎಲ್ಲ ನಿಲ್ಲುವುದಿಲ್ಲ ಮಾರಾಯ್ರೆ" ಎಂದು ಗಾಡಿಯೊಳಗೇ ಉಂಡು ಮಲಗುವ ಹಾಗೆ ಕ್ಯಾಂಪರ್ ಕಟ್ಟಿಸಿಕೊಂಡವರೇ ಹೇಳುತ್ತಾರೆ. ನಿಲ್ಲುತ್ತದೆ. ನನ್ನ ಟೆಂಪೊ ಟ್ರಾವೆಲರಿನ ಎಡಬದಿಯಲ್ಲಿ ಊರಲ್ಲೇ ಹೊಲಿಸಿದ ಆನಿಂಗ್, ಅಂದರೆ ನೆರಳಿಗೆ ಹೊರಚಾಚುವ ಬಟ್ಟೆಯ ಚಪ್ಪರ, ಕೆಲವು ಸೀಸನ್ ದಾಟಿಯೂ ಗಟ್ಟಿಯಾಗಿದೆ. ಎಲ್ಲ ಸೇರಿ ಹದಿಮೂರು ಹದಿನಾಲ್ಕು ಸಾವಿರ ಆಗಿರಬಹುದು. ಪೆಟ್ಟಿಗೆಯೊಳಗೆ ಸುತ್ತಿಕೊಳ್ಳುವ ಹೊರದೇಶದ ಕ್ಯಾಸೆಟ್ ಆನಿಂಗ್ ತರಿಸಿದರೆ ಲಕ್ಷದ ಮಾತು, ಗಾಳಿಗೆ ಅದರ ಕೈ ಬಗ್ಗಿದರೆ ಸ್ಪೇರ್ ಪಾರ್ಟ್‌ಗೆ ತಿಂಗಳುಗಟ್ಟಲೆ ಕಾಯಬೇಕು.

ಎಲ್ಲರೂ ಹಗ್ಗ, ಗೂಟದಿಂದ ಶುರುಮಾಡುತ್ತಾರೆ. ಶುರುಮಾಡಬೇಕಾದದ್ದು ಗಾಡಿ ನಿಲ್ಲಿಸುವ ದಿಕ್ಕಿನಿಂದ. ಮಳೆಗಾಲ ಬಿಟ್ಟರೆ ನಮ್ಮ ಕರಾವಳಿಯ ಗಾಳಿಗೆ ಒಂದು ಲೆಕ್ಕ ಇದೆ. ರಾತ್ರಿ ಮತ್ತು ಬೆಳಿಗ್ಗೆ ನೆಲದಿಂದ ಮೂಡುಗಾಳಿ, ಮೆಲ್ಲಗೆ. ಹನ್ನೊಂದು ಹನ್ನೆರಡರ ಹೊತ್ತಿಗೆ ನೆಲ ಕಾದು ಕಡಲಿನಿಂದ ಶುರುವಾಗುತ್ತದೆ, ಮೂರು ನಾಲ್ಕು ಗಂಟೆಗೆ ಪಡು-ಬಡಗಿನಿಂದ ಜೋರು. ನಮ್ಮ ಗಾಡಿಗಳ ಬಾಗಿಲು ಎಡಕ್ಕೆ, ಆನಿಂಗೂ ಎಡಕ್ಕೆ. ಹಾಗಾಗಿ ಮೂತಿ ತೆಂಕಕ್ಕೆ ಮಾಡಿ ನಿಲ್ಲಿಸಿದರೆ ಆನಿಂಗ್ ಮೂಡು ಬದಿಗೆ ಬರುತ್ತದೆ, ಗಾಳಿಗೆ ಗಾಡಿಯೇ ಗೋಡೆ. ಮರವಂತೆಯಲ್ಲಿ ಹೆದ್ದಾರಿ 66ರ ಬದಿ ಸಿಕ್ಕಿದರೆ ಕುಂದಾಪುರಕ್ಕೆ ಮುಖಮಾಡಿದ ಕಡೆಯಲ್ಲೇ ನಿಲ್ಲಿಸಿ, ಬೈಂದೂರು ಕಡೆಗಲ್ಲ. ಬೀಚಿನ ಒಳಗೆ ಗಾಡಿ ಇಳಿಸುವ ಮಾತಲ್ಲ ಇದು. ರಸ್ತೆಬದಿಯ ಹೊಯ್ಗೆ (ಮರಳು), ಗಾಳಿಮರದ (ಸರ್ವೆ) ತೋಪು, ಪಾರ್ಕಿಂಗ್ ಜಾಗ, ಅಷ್ಟೇ.

ಮಧ್ಯಾಹ್ನ ಕಳೆದ ಮೇಲೆ ಬಿಸಿಲು ಪಡುವಿನಿಂದ ಬರುವಾಗ ಮೂಡು ಬದಿಯಲ್ಲಿ ಆನಿಂಗ್ ಯಾಕೆ ಎಂದು ಕೇಳುವವರಿದ್ದಾರೆ. ಬೇಡವೇ ಬೇಡ. ಮೂರು ಗಂಟೆ ಮೇಲೆ ಗಾಡಿಯ ನೆರಳೇ ಸಾಕು, ಗಾಳಿ ಜೋರಾಗುವುದೂ ಆಗಲೇ. ಆಗ ಮಡಚಿಬಿಡಿ. ಅರ್ಧ ತಲೆನೋವು ಇಲ್ಲಿಗೇ ಮುಗಿಯಿತು.

ಗಾಡಿ ಮರೆ ಮಾಡಿದರೂ ಮೇಲಿನಿಂದ ಹಾರಿ ಬರುವ ಗಾಳಿ ಬಟ್ಟೆಯನ್ನು ಮೇಲಕ್ಕೆ ಎಳೆಯುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. ನನ್ನ ಬಟ್ಟೆ 2.8 ಮೀಟರ್ ಉದ್ದ, 2 ಮೀಟರ್ ಅಗಲ. ಗಂಟೆಗೆ 36 ಕಿ.ಮೀ. ಗಾಳಿ ನೇರ ಹೊಡೆದರೆ ಸುಮಾರು 35 ಕೆಜಿ ಭಾರದಷ್ಟು, 54 ಕಿ.ಮೀ.ಗೆ 80ರ ಹತ್ತಿರ. ತಡೆಯಬೇಕಾದದ್ದು ಈ ತೂಕಕ್ಕಿಂತ ಅದು ಬಡಿದು ಬಡಿದು ಬರುವುದನ್ನು. ಹಗ್ಗ, ಐಲೆಟ್ (ಹಗ್ಗ ಪೋಣಿಸುವ ತೂತಿನ ಲೋಹದ ಬಳೆ), ಸ್ಕ್ರೂ ಹಾಳಾಗುವುದು ಪಟಪಟ ಹೊಡೆತಕ್ಕೆ.

ಬಟ್ಟೆಗೆ ದುಡ್ಡು ಹೋದದ್ದು ಹೇಳುತ್ತೇನೆ. ಹಳೆಯ ಫ್ಲೆಕ್ಸ್ ಬ್ಯಾನರ್ ಇನ್ನೂರು ಮುನ್ನೂರಕ್ಕೆ ಸಿಗುತ್ತದೆ, ಐಲೆಟಿನ ಬುಡದಿಂದ ಸೀಳುತ್ತದೆ. ನೀಲಿ ಟರ್ಪಾಲು ಸಾವಿರದೊಳಗೆ ಮುಗಿಯುತ್ತದೆ, ಬಿಸಿಲಿಗೆ ಒಂದು ಬೇಸಿಗೆಯಲ್ಲಿ ಪುಡಿ ಉದುರಿಸಲು ಶುರು. ಅಡಿಕೆ ಒಣಗಿಸುವ ಪಾರದರ್ಶಕ ಶೀಟ್ ಹಾಕಿಯೂ ನೋಡಿದ್ದಾಯಿತು. ಗಾಳಿಗೆ ಬಾಳುತ್ತದೆ, ಆದರೆ ಅಡಿಯಲ್ಲಿ ಕೂತವರು ಅಡಿಕೆಯ ಹಾಗೆಯೇ ಒಣಗುತ್ತಾರೆ. ಕೊನೆಗೆ ನಿಂತದ್ದು ಪಿವಿಸಿ ಲೇಪದ ಬಟ್ಟೆ, 550 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ), ಮೂರು ಕೆಜಿ ಆಸುಪಾಸು ತೂಕ. ಬಟ್ಟೆಗೆ ಎರಡೂವರೆ ಸಾವಿರ, ಹೊಲಿಗೆಗೆ ಒಂದೂವರೆ ಹೋಗಿದೆ ಎಂದು ನೆನಪು. ನೂಲು ಪಾಲಿಯೆಸ್ಟರ್ ಆಗಲೇಬೇಕು. ಹತ್ತಿ ನೂಲು ಮಳೆಗಾಲಕ್ಕೆ ಕೊಳೆಯುತ್ತದೆ. ಐಲೆಟ್ ಹಿತ್ತಾಳೆಯದ್ದು, ಅದರಡಿ ಬಟ್ಟೆ ಮೂರು ಪದರ. ಹೊರಗಿನ ಮೂರು ಅಂಚುಗಳನ್ನು ನೇರ ಕತ್ತರಿಸಬಾರದು, ಒಳಕ್ಕೆ ಸ್ವಲ್ಪ ಬಾಗಿಸಿ ಕತ್ತರಿಸಬೇಕು. ಮೂಲೆ ಎಳೆದಾಗ ಅಂಚೂ ಬಿಗಿಯಾಗುತ್ತದೆ, ಪಟಪಟ ನಿಲ್ಲುತ್ತದೆ. ಎಷ್ಟು ಬಾಗು ಎಂಬ ಅಳತೆ ನನ್ನ ಹತ್ತಿರವೇ ಇರಲಿ, ಟೈಲರಿಗೆ ಹಾಳೆಯಲ್ಲಿ ಕತ್ತರಿಸಿ ಕೊಟ್ಟದ್ದು.

ಗಾಡಿಗೆ ಸೇರುವ ಅಂಚಿನಲ್ಲಿ ಹಗ್ಗ ಸೇರಿಸಿ ಹೊಲಿಸಿ, ಅಲ್ಯುಮಿನಿಯಂ ಹಳಿಯೊಳಗೆ ಜಾರಿಸುವುದು. ಬಾಡಿ ಕಟ್ಟುವವರು ಈ ಹಳಿಯನ್ನು ತಗಡಿಗೆ ಸೀದಾ ಸ್ಕ್ರೂ ಹೊಡೆದು ಕೂರಿಸುತ್ತಾರೆ. ಅದು ಸಡಿಲವಾಗಿ ತೂತಿನಿಂದ ನೀರು ಇಳಿದರೆ ಮಾಡಿನ ರಿಪೇರಿ ಆನಿಂಗಿಗಿಂತ ದುಬಾರಿ. ಒಳಗಿನಿಂದ ಅಲ್ಯುಮಿನಿಯಂ ಪಟ್ಟಿ ಕೊಟ್ಟು ನಟ್ಟು-ಬೋಲ್ಟು ಹಾಕಿಸಿ, ಸುತ್ತ ನೀರು ಇಳಿಯದಂತೆ ಪಿಯು (ಪಾಲಿಯುರೆಥೇನ್) ಸೀಲೆಂಟ್. ಬೋಲ್ಟು ಎಸ್‌ಎಸ್ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದು. 304 ಕಡಲ ಬದಿಯಲ್ಲಿ ಕಂದು ಕಲೆ ಹಿಡಿಯುತ್ತದೆ. ಸ್ಟೀಲು-ಅಲ್ಯುಮಿನಿಯಂ ನಡುವೆ ನೈಲಾನ್ ವಾಷರ್ ಮರೆಯಬೇಡಿ, ಉಪ್ಪುಗಾಳಿಗೆ ಅಲ್ಯುಮಿನಿಯಂ ಬಿಳಿ ಹುಡಿಯಾಗುತ್ತದೆ.

ಹಳಿ ಎರಡೂಕಾಲು ಮೀಟರ್ ಎತ್ತರದಲ್ಲಿದ್ದರೆ ಮುಂದಿನ ಕಂಬ ಒಂದೂಮುಕ್ಕಾಲು ಮೀಟರಿಗೆ ಇಳಿಸಿ. ತಲೆ ತಾಗುತ್ತದೆ ಎಂದು ಎತ್ತರಿಸಿದರೆ ಗಾಳಿಗೆ ಬಾಯಿ ತೆರೆದುಕೊಟ್ಟ ಹಾಗೆ. ಒಂದು ಮೂಲೆ ಇನ್ನೂ ಒಂದು ಗೇಣು ತಗ್ಗಿರಲಿ, ಮಳೆ ನೀರು ಅಲ್ಲಿಂದ ಹರಿಯುತ್ತದೆ. ಒಂದು ಚದರ ಮೀಟರಿನಲ್ಲಿ ಒಂದಿಂಚು ನೀರು ನಿಂತರೆ 25 ಕೆಜಿ. ಕಂಬದ ಅಡಿಗೆ ಒಂದಡಿ ಚದರದ ಮರೈನ್ ಪ್ಲೈ (ನೀರಿಗೆ ಬಾಳುವ ಪ್ಲೈವುಡ್) ತುಂಡು, ಇಲ್ಲದಿದ್ದರೆ ಹೊಯ್ಗೆಯಲ್ಲಿ ಹೂತು ಹಗ್ಗ ಸಡಿಲುತ್ತದೆ.

ಗೂಟದ ವಿಷಯದಲ್ಲೇ ಹೆಚ್ಚು ಜನ ಸೋಲುವುದು. ಶಾಮಿಯಾನದವರ ಕಬ್ಬಿಣದ ಗೂಟ ಮಣಿಪಾಲದ ಮುರಕಲ್ಲು (ಜಂಬಿಟ್ಟಿಗೆ) ನೆಲದಲ್ಲಿ ಸುತ್ತಿಗೆಯಲ್ಲಿ ಹೊಡೆದು ಇಳಿಸಿದ ಮೇಲೆ ಅಲುಗುವುದಿಲ್ಲ. ಅದೇ ಗೂಟ ಪಡುಬಿದ್ರಿಯ ಹೊಯ್ಗೆಯಲ್ಲಿ ಬೆಣ್ಣೆಯಿಂದ ಬರುವ ಹಾಗೆ ಬರುತ್ತದೆ. ಗಾಳಿಮರಕ್ಕೆ ಕಟ್ಟಿದರೆ ಮರ ತೂಗಿದಾಗಲೆಲ್ಲ ಜಗ್ಗುತ್ತದೆ. ಹೊಯ್ಗೆಗೆ ಸರಿಯಾದದ್ದು ಚೀಲ. 25 ಕೆಜಿಯ ಅಕ್ಕಿ ಚೀಲಕ್ಕೆ ಹೊಯ್ಗೆ ತುಂಬಿ, ನಡುವಿಗೆ ಹಗ್ಗ ಕಟ್ಟಿ, ಒಂದೂವರೆ ಎರಡು ಅಡಿ ಆಳದಲ್ಲಿ ಅಡ್ಡ ಮಲಗಿಸಿ. ಹಗ್ಗ ಮೇಲೆ ಬರುವ ದಾರಿಯನ್ನು ಕೈಯಲ್ಲಿ ಓರೆಯಾಗಿ ಸೀಳಬೇಕು. ನೆಟ್ಟಗೆ ಮೇಲೆ ಬಂದು ಬಾಗಿದ ಹಗ್ಗ ಗಾಳಿ ಜಗ್ಗಿದಾಗ ಹೊಯ್ಗೆ ಕೊಯ್ದು ಸಡಿಲವಾಗುತ್ತದೆ. ಮುಚ್ಚುವಾಗ ಎರಡು ಬಕೆಟ್ ನೀರು ಹೊಯ್ದು ತುಳಿಯಿರಿ. ಆಮೇಲೆ ಹಗ್ಗ ಹಿಡಿದು ಪೂರ್ತಿ ಭಾರ ಬಿಟ್ಟು ಹಿಂದಕ್ಕೆ ವಾಲಿ ನೋಡಿ. ಅಲುಗಿದರೆ ಇನ್ನೂ ಅರ್ಧ ಅಡಿ ಆಳ ಬೇಕು. ಹೊರಡುವಾಗ ಚೀಲ ಖಾಲಿಮಾಡಿ ವಾಪಸ್ ತನ್ನಿ.

ಹಗ್ಗ ಆರು ಮಿಲ್ಲಿಯ ನೈಲಾನ್. ಪಿಪಿ (ಪಾಲಿಪ್ರೊಪಿಲೀನ್) ಹಗ್ಗ ಅಗ್ಗ, ಬಿಸಿಲಿಗೆ ಎಳೆ ಬಿಡುತ್ತದೆ. ತೆಂಗಿನ ನಾರಿನ ಕತ್ತದ ಹಗ್ಗ ಕೂಡ ಪರೀಕ್ಷೆ ಮಾಡಿದ್ದೇನೆ. ಗಾಳಿಗೆ ಹಿಗ್ಗಿ ಕೊಡುವುದರಲ್ಲಿ ಏನೂ ಕಡಿಮೆ ಇಲ್ಲ, ಆದರೆ ಕೈ ತರಚುತ್ತದೆ. ನೈಲಾನ್ ಹಗ್ಗದ ಕೊನೆಯ ಒಂದಡಿಯಲ್ಲಿ ಸೈಕಲ್ ಟ್ಯೂಬಿನ ತುಂಡು ಸೇರಿಸಿದರೆ ಹೊಡೆತವನ್ನು ಅದು ನುಂಗುತ್ತದೆ. ಟ್ಯೂಬಿನ ಪಕ್ಕದಲ್ಲಿ ಸ್ವಲ್ಪ ಸಡಿಲವಾಗಿ ಹಗ್ಗವೂ ಹಾದಿರಬೇಕು. ಟ್ಯೂಬ್ ಹರಿದರೆ ಹಗ್ಗ ಹಿಡಿಯುತ್ತದೆ. ಟ್ಯೂಬ್ ಜಾರದಂತೆ ಹಾಕುವ ಗಂಟು ಇಲ್ಲಿ ಬರೆಯುವುದಿಲ್ಲ, ಮಲ್ಪೆ ಬಂದರದ ಬೋಟಿನವರ ಹತ್ತಿರ ಚಾ ಕುಡಿಸಿ ಕೇಳಿ.

ಬದಿಗೆ ಪರದೆ ಬೇಕಾದರೆ ಟರ್ಪಾಲು ಬೇಡ. ಗಾಳಿ ಒಳಗೆ ಸಿಕ್ಕಿಕೊಂಡು ಇಡೀ ಆನಿಂಗನ್ನು ಎತ್ತುತ್ತದೆ. ನರ್ಸರಿಯ ಹಸಿರು ನೆಟ್, ಐವತ್ತು ಪರ್ಸೆಂಟು ನೆರಳಿನದ್ದು, ಬಡಗು ಬದಿಗೆ ಒಂದು ಸಾಕು.

ಮಡಚುವ ಹೊತ್ತು: ಕಡಲಿನಲ್ಲಿ ಅಲ್ಲಲ್ಲಿ ಬಿಳಿ ನೊರೆ ಕಂಡರೆ ಹಗ್ಗ ಇನ್ನೊಮ್ಮೆ ನೋಡಿ, ಎಲ್ಲೆಲ್ಲೂ ನೊರೆ, ಸಣ್ಣ ಮರಗಳು ಇಡೀ ತೂಗುತ್ತಿದ್ದರೆ ಮೂವತ್ತು ಕಿ.ಮೀ. ದಾಟಿದೆ, ಮಡಚಿ. ಏಪ್ರಿಲ್-ಮೇ ತಿಂಗಳ ಸಂಜೆ ಇದಕ್ಕಿಂತ ಮೋಸದ್ದು. ಘಟ್ಟದ ಕಡೆ ಗುಡುಗು ಕೇಳುತ್ತದೆ, ಪಡುಗಾಳಿ ಒಮ್ಮೆಲೇ ನಿಂತು ಸೆಕೆ ಏರುತ್ತದೆ. ಸ್ವಲ್ಪ ಹೊತ್ತಿಗೆ ಮೂಡಿನಿಂದ ತಣ್ಣನೆಯ ಬಿರುಗಾಳಿ ಸೀದಾ ಆನಿಂಗಿನ ಬಾಯಿಗೇ. ಗಾಳಿ ನಿಂತದ್ದೇ ಸೂಚನೆ. ಮೂಡುಗಾಳಿಯ ಕಾರಣಕ್ಕೇ ರಾತ್ರಿಯೂ ಆನಿಂಗ್ ಹರಡಿಟ್ಟು ಮಲಗಬಾರದು.

ಮಡಚುವಾಗ ಮೊದಲು ಕಂಬ ಸೊಂಟದೆತ್ತರಕ್ಕೆ ಇಳಿಸಿ, ಬಟ್ಟೆಯ ಹೊರ ಅಂಚಿಗೆ ಪೈಪು ಹಿಡಿದು, ಅದರ ಎರಡು ತುದಿಗೆ ಇಬ್ಬರು ನಿಂತು ಗಾಡಿಯ ಕಡೆಗೆ ಸುತ್ತುತ್ತಾ ಬನ್ನಿ. ಗಾಳಿ ಬರುವ ಬದಿಯ ಮೂಲೆಯ ಹಗ್ಗ ಕಟ್ಟಕಡೆಗೆ ಬಿಚ್ಚಬೇಕು.

ಮನೆಗೆ ಬಂದ ದಿನವೇ ಸಿಹಿನೀರಿನಲ್ಲಿ ತೊಳೆಯಿರಿ. ಬಟ್ಟೆಯಲ್ಲಿ ಉಳಿದ ಉಪ್ಪು ಗಾಳಿಯ ಪಸೆ ಎಳೆದುಕೊಂಡೇ ಇರುತ್ತದೆ, ಒಣಗಲು ಬಿಡುವುದಿಲ್ಲ. ಮೈಸೋಪು ಸಾಕು, ಬಟ್ಟೆ ಒಗೆಯುವ ಪುಡಿ ಬೇಡ. ಹಳಿಗೆ ಎಣ್ಣೆ ಬಿಟ್ಟರೆ ಹೊಯ್ಗೆ ಅಂಟುತ್ತದೆ, ಮೇಣದ ಬತ್ತಿ ಉಜ್ಜಿ. ಹೊಲಿಗೆ ತೂತಿಗೂ ಅದೇ. ಜೂನ್ ಬರುವ ಮೊದಲು ಹಳಿಯಿಂದ ಎಳೆದು ತೆಗೆದು, ಪೂರ್ತಿ ಒಣಗಿಸಿ, ಮಡಿಕೆ ಹಾಕದೆ ಪಿವಿಸಿ ಪೈಪಿಗೆ ಸುತ್ತಿ ಅಟ್ಟದಲ್ಲಿಡಿ. ಸಿಮೆಂಟು ನೆಲದಲ್ಲಿಟ್ಟರೆ ಸೋಣೆ ತಿಂಗಳ (ಆಗಸ್ಟ್-ಸೆಪ್ಟೆಂಬರ್) ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ. ಇಲಿ ಕಾಟ ಇರುವ ಮನೆಯವರು ಪೈಪಿನ ಎರಡೂ ಬಾಯಿಗೆ ಮುಚ್ಚಳ ಹಾಕಿ.