ಬ್ರಿಟನ್ನಿನ ಸಂಸದರ ಖರ್ಚಿನ ಲೆಕ್ಕ: ಸುಳ್ಳು ಬಿಲ್ ಕಂಡರೆ ಎಲ್ಲಿಗೆ ಹೋಗಬೇಕು?

ಬ್ರಿಟನ್ನಿನಲ್ಲಿ ಸಂಸದರು ಜನರ ದುಡ್ಡನ್ನು ದುಂದು ಮಾಡಿದರೆ ಜೈಲಿಗೆ ಹೋಗುವುದಿಲ್ಲ, ಸುಳ್ಳು ಕಾಗದ ಕೊಟ್ಟರೆ ಹೋಗುತ್ತಾರೆ. ಈ ಒಂದು ವ್ಯತ್ಯಾಸ ತಿಳಿದರೆ ಇಲ್ಲಿನ ವ್ಯವಸ್ಥೆ ಅರ್ಧ ಅರ್ಥವಾದಂತೆ.

2009ರ ಮೇ ತಿಂಗಳಲ್ಲಿ ಡೈಲಿ ಟೆಲಿಗ್ರಾಫ್ ಪತ್ರಿಕೆ ಸಂಸದರ ಖರ್ಚಿನ ಕಡತಗಳನ್ನು ದಿನಕ್ಕಿಷ್ಟರಂತೆ ಬಯಲಿಗೆಳೆಯಿತು. ಆಗ ಊರೆಲ್ಲ ನಕ್ಕಿದ್ದು ಸರ್ ಪೀಟರ್ ವಿಗರ್ಸ್ ಅವರ ಬಾತುಕೋಳಿ ಮನೆಗೆ. ಕೊಳದಲ್ಲಿ ತೇಲುವ ಪುಟ್ಟ ಮನೆ, 1,645 ಪೌಂಡ್. ಆ ಬಿಲ್ ಪಾಸಾಗಿರಲಿಲ್ಲ, ಅವರ ಮೇಲೆ ಮೊಕದ್ದಮೆಯೂ ಆಗಲಿಲ್ಲ. ಜೈಲಿಗೆ ಹೋದವರು ಬೇರೆ. ತಮ್ಮದೇ ಫ್ಲಾಟಿಗೆ ಬಾಡಿಗೆ ಕೊಡುತ್ತಿರುವಂತೆ ಕರಾರುಪತ್ರ ತೋರಿಸಿದ ಡೇವಿಡ್ ಚೇಟರ್ ಅವರಿಗೆ 2011ರ ಜನವರಿಯಲ್ಲಿ 18 ತಿಂಗಳು ಶಿಕ್ಷೆಯಾಯಿತು. ಅದೇ ವರ್ಷ ಎರಿಕ್ ಇಲ್ಸ್‌ಲಿ ಅವರಿಗೆ 12 ತಿಂಗಳು, ಜಿಮ್ ಡಿವೈನ್ ಮತ್ತು ಎಲಿಯಟ್ ಮಾರ್ಲಿ ಅವರಿಗೆ ತಲಾ 16 ತಿಂಗಳು. ಬಾತುಕೋಳಿ ಮನೆ ನಾಚಿಕೆಗೇಡು, ಕಳ್ಳ ಕರಾರು ಅಪರಾಧ. ದೂರು ಬರೆಯುವ ಮೊದಲು ನಿಮ್ಮ ಕೈಯಲ್ಲಿರುವುದು ಇವೆರಡರಲ್ಲಿ ಯಾವುದು ಎಂದು ನೋಡಿಕೊಳ್ಳಿ.

ಯಾವ ಬಾಗಿಲು ತಟ್ಟಬೇಕು

ಆ ಹಗರಣದ ಬಿಸಿಯಲ್ಲೇ ಪಾರ್ಲಿಮೆಂಟರಿ ಸ್ಟ್ಯಾಂಡರ್ಡ್ಸ್ ಆಕ್ಟ್ 2009 ಬಂತು. ಖರ್ಚು ಮಂಜೂರು ಮಾಡುವ ಅಧಿಕಾರ ಸಂಸದರ ಕೈಬಿಟ್ಟು ಇಪ್ಸಾ ಎಂಬ ಸ್ವತಂತ್ರ ಸಂಸ್ಥೆಗೆ ಹೋಯಿತು. ಪೂರ್ತಿ ಹೆಸರು ಇಂಡಿಪೆಂಡೆಂಟ್ ಪಾರ್ಲಿಮೆಂಟರಿ ಸ್ಟ್ಯಾಂಡರ್ಡ್ಸ್ ಅಥಾರಿಟಿ, ಆದರೆ ಎಲ್ಲರ ಬಾಯಲ್ಲೂ ಇಪ್ಸಾ. 2010ರ ಮೇ ತಿಂಗಳಿಂದ ಕಾಮನ್ಸ್ ಸಭೆಯ ಸದಸ್ಯರ ಕಚೇರಿ ಬಾಡಿಗೆ, ಸಿಬ್ಬಂದಿ ಸಂಬಳ, ಪ್ರಯಾಣ, ವಸತಿ ಎಲ್ಲದರ ಲೆಕ್ಕ ಅಲ್ಲಿಯೇ.

ಇಪ್ಸಾ ಕೊಟ್ಟ ದುಡ್ಡಿನ ಬಗ್ಗೆ ಅನುಮಾನವಿದ್ದರೆ ದೂರು ಹೋಗಬೇಕಾದದ್ದು ಇಪ್ಸಾದ ಕಂಪ್ಲಯನ್ಸ್ ಆಫೀಸರ್, ಅಂದರೆ ನಿಯಮಪಾಲನೆ ನೋಡುವ ಅಧಿಕಾರಿಗೆ. ಯಾರು ಬೇಕಾದರೂ ಬರೆಯಬಹುದು, ಆ ಕ್ಷೇತ್ರದ ಮತದಾರರೇ ಆಗಬೇಕಿಲ್ಲ. ಕೊಡಬಾರದ ಹಣ ಕೊಟ್ಟಿದ್ದಾರೆ ಎಂದು ತನಿಖೆಯಲ್ಲಿ ಕಂಡರೆ ವಾಪಸ್ ಕಟ್ಟಿ ಎಂದು ಆದೇಶಿಸುವ ಅಧಿಕಾರ ಈ ಅಧಿಕಾರಿಗಿದೆ. ಕೇಳಿದ ಮಾಹಿತಿ ಕೊಡದಿದ್ದರೆ, ಆದೇಶ ಪಾಲಿಸದಿದ್ದರೆ 1,000 ಪೌಂಡ್‌ವರೆಗೆ ದಂಡ ಹಾಕಬಹುದು. ಜೈಲು ಇವರ ಕೈಯಲ್ಲಿಲ್ಲ. ಅಪರಾಧದ ವಾಸನೆ ಬಂದರೆ ಪೊಲೀಸರಿಗೆ ದಾಟಿಸುತ್ತಾರೆ.

ಹೆಚ್ಚಿನವರು ತಪ್ಪುವುದು ಲಕೋಟೆಯ ವಿಷಯದಲ್ಲಿ. ನಿಮ್ಮ ಮನೆಗೆ ಪೋರ್ಟ್‌ಕಲಿಸ್ (ಪಾರ್ಲಿಮೆಂಟಿನ ಗುರುತಾದ ಕೋಟೆಯ ಜಾಲರಿ ಬಾಗಿಲು) ಲಾಂಛನವಿರುವ, ಅಂಚೆವೆಚ್ಚ ಮೊದಲೇ ಪಾವತಿಯಾದ ಹೌಸ್ ಆಫ್ ಕಾಮನ್ಸ್ ಲಕೋಟೆ ಬಂತು, ಒಳಗೆ ಪಕ್ಷಕ್ಕೆ ಓಟು ಕೇಳುವ ಕರಪತ್ರವಿತ್ತು ಎಂದುಕೊಳ್ಳಿ. ಇದೂ ಸಾರ್ವಜನಿಕ ದುಡ್ಡೇ, ಆದರೆ ಇಪ್ಸಾದ್ದಲ್ಲ, ಸದನದ್ದು. ಹಾಗಾಗಿ ದೂರು ಸಂಸದರ ನಡವಳಿಕೆ ವಿಚಾರಿಸುವ ಪಾರ್ಲಿಮೆಂಟರಿ ಕಮಿಷನರ್ ಫಾರ್ ಸ್ಟ್ಯಾಂಡರ್ಡ್ಸ್ ಅವರಿಗೆ. ಇಪ್ಸಾಗೆ ಕಳಿಸಿದರೆ ನಮಗೆ ಸಂಬಂಧವಿಲ್ಲ ಎಂಬ ಉತ್ತರ ಬರುತ್ತದೆ. ಒಳಗಿನ ಕರಪತ್ರದಷ್ಟೇ ಹೊರಗಿನ ಲಕೋಟೆಯೂ ಮುಖ್ಯ. ಅದನ್ನು ಕಸಕ್ಕೆ ಹಾಕಿದರೆ ದೂರಿನಲ್ಲಿ ಉಳಿಯುವುದು ನಿಮ್ಮ ಮಾತು ಮಾತ್ರ. ಈ ಕಮಿಷನರ್ ಅನಾಮಧೇಯ ದೂರು ತೆಗೆದುಕೊಳ್ಳುವುದಿಲ್ಲ, ಹೆಸರು ವಿಳಾಸ ಬೇಕೇ ಬೇಕು.

ಲಾರ್ಡ್ಸ್ ಸಭೆಗೆ ಬೇರೆಯೇ ಕಮಿಷನರ್ ಇದ್ದಾರೆ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಶಾಸನಸಭೆಗಳ ಸದಸ್ಯರಿಗೆ ಇಪ್ಸಾ ಅನ್ವಯಿಸುವುದಿಲ್ಲ. ಎಡಿನ್‌ಬರೋದಲ್ಲಿದ್ದು ಅಲ್ಲಿನ ಎಮ್‌ಎಸ್‌ಪಿ (ಸ್ಕಾಟಿಷ್ ಪಾರ್ಲಿಮೆಂಟ್ ಸದಸ್ಯರು) ಮೇಲೆ ಲಂಡನ್ನಿಗೆ ದೂರು ಕಳಿಸಿದರೆ ಕಾಲಹರಣವಷ್ಟೇ. ಮೊರಾಕೊ ಪ್ರವಾಸದಲ್ಲಿ ಐಪ್ಯಾಡ್ ರೋಮಿಂಗ್ ಬಿಲ್ ಸುಮಾರು 11,000 ಪೌಂಡ್ ಮಾಡಿಕೊಂಡ ಮೈಕಲ್ ಮ್ಯಾಥಿಸನ್ ಅವರನ್ನು 2024ರಲ್ಲಿ 27 ದಿನ ಅಮಾನತು ಮಾಡಿದ್ದು ಸ್ಕಾಟಿಷ್ ಪಾರ್ಲಿಮೆಂಟೇ.

ಲೆಕ್ಕ ಓದುವುದು

ಇಪ್ಸಾ ತನ್ನ ಜಾಲತಾಣದಲ್ಲಿ ಸುಮಾರು ಎರಡು ತಿಂಗಳಿಗೊಮ್ಮೆ ಪ್ರತಿ ಸಂಸದರ ಪ್ರತಿ ಕ್ಲೇಮನ್ನೂ ಹಾಕುತ್ತದೆ. ಇಂದು ಕಾಣುವುದು ಕೆಲವು ತಿಂಗಳ ಹಿಂದಿನ ಖರ್ಚು. ಸಂಸದರ ಹೆಸರು ಹುಡುಕಿ ಫೈಲ್ ಇಳಿಸಿಕೊಂಡರೆ ದಿನಾಂಕ, ಕ್ಲೇಮ್ ನಂಬರ್, ವರ್ಗ, ಚಿಕ್ಕ ವಿವರಣೆ, ಕೇಳಿದ ಮೊತ್ತ, ಕೊಟ್ಟ ಮೊತ್ತ ಸಾಲಾಗಿ ಬರುತ್ತವೆ. ಕೊಡದೆ ಉಳಿಸಿದ್ದು, ವಾಪಸ್ ಬಂದದ್ದು ಬೇರೆ ಕಾಲಮ್‌ಗಳಲ್ಲಿವೆ. ಅವನ್ನು ನೋಡದೆ ಬರೀ ಕೇಳಿದ ಮೊತ್ತ ಹಿಡಿದು ಕೂಗಾಡಿದರೆ ಮುಖಭಂಗ ಖಚಿತ.

ಇದಕ್ಕಿಂತ ದೊಡ್ಡ ತಪ್ಪು ಒಟ್ಟು ಮೊತ್ತ ನೋಡಿ ಬೆಚ್ಚುವುದು. "ನಮ್ಮ ಎಂಪಿ ವರ್ಷಕ್ಕೆ ಎರಡೂವರೆ ಲಕ್ಷ ಪೌಂಡ್ ನುಂಗಿದರು" ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ಅದರ ಸಿಂಹಪಾಲು ಕಚೇರಿಯಲ್ಲಿ ದುಡಿಯುವವರ ಸಂಬಳ, ಸಂಸದರ ಜೇಬಿಗೆ ಹೋಗುವುದೇ ಇಲ್ಲ. ಕಣ್ಣಿಡಬೇಕಾದದ್ದು ಸಣ್ಣ ಸಾಲುಗಳ ಮೇಲೆ: ಒಂದೇ ಅಂಗಡಿಯ ಬಿಲ್ ಎರಡು ತುಂಡಾಗಿ ಎರಡು ವರ್ಗದಲ್ಲಿ ಬಂದಿರುವುದು, ಏನು ಕೆಲಸ ಎಂದು ಗೊತ್ತಾಗದ "ಸಲಹಾ ಶುಲ್ಕ", ಎಲ್ಲೂ ಅಸ್ತಿತ್ವ ಕಾಣದ ಸಂಸ್ಥೆಗೆ ಹೋದ ಹಣ.

ಸಾಲು ಸಿಕ್ಕ ಮೇಲೆ ಮೂಲ ರಸೀದಿ ಕೇಳಿ. ಮೊದಲು ಇಪ್ಸಾ ರಸೀದಿಯ ಪ್ರತಿ ಕೊಡಲು ಒಪ್ಪುತ್ತಿರಲಿಲ್ಲ, ಅದರಲ್ಲಿರುವ ಮಾಹಿತಿಯನ್ನು ಬೇರೆಡೆ ಬರೆದು ಕೊಟ್ಟರೆ ಸಾಕು ಎನ್ನುತ್ತಿತ್ತು. 2015ರಲ್ಲಿ ಕೋರ್ಟ್ ಆಫ್ ಅಪೀಲ್ ಆ ವಾದ ತಳ್ಳಿಹಾಕಿತು. ರಸೀದಿಯ ಲೋಗೊ, ಕೈಬರಹ, ಜೋಡಣೆ ಕೂಡ ಮಾಹಿತಿಯೇ ಎಂಬುದು ಆ ತೀರ್ಪಿನ ತಿರುಳು. ಸುಳ್ಳು ಬಿಲ್ ಹಿಡಿಯುವವರಿಗೆ ಬೇಕಾದದ್ದೂ ಅದೇ. ಫ್ರೀಡಂ ಆಫ್ ಇನ್ಫರ್ಮೇಷನ್ ಕಾಯ್ದೆಯಡಿ ಇಮೇಲ್ ಸಾಕು. ನಿಜವಾದ ಹೆಸರು, ಕ್ಲೇಮ್ ನಂಬರ್, ದಿನಾಂಕ, "ರಸೀದಿಯ ಪ್ರತಿ ಬೇಕು" ಎಂಬ ಒಂದು ಸಾಲು. ನಮ್ಮ ಆರ್‌ಟಿಐಗೆ ಕಟ್ಟುವಂತೆ 10 ರೂಪಾಯಿ ಶುಲ್ಕವೂ ಇಲ್ಲ. 20 ಕೆಲಸದ ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಅಥವಾ ನಿರಾಕರಿಸಿದರೆ ಮೊದಲು ಅವರಲ್ಲೇ ಇಂಟರ್ನಲ್ ರಿವ್ಯೂ, ಆಮೇಲೆ ಇನ್ಫರ್ಮೇಷನ್ ಕಮಿಷನರ್, ಅಲ್ಲಿಯೂ ಆಗದಿದ್ದರೆ ಟ್ರಿಬ್ಯೂನಲ್. "ಐದು ವರ್ಷದ ಎಲ್ಲ ರಸೀದಿ ಕೊಡಿ" ಎಂದು ಬರೆದರೆ ವೆಚ್ಚದ ಮಿತಿ ಮೀರಿತೆಂದು ಒಂದೇ ಏಟಿಗೆ ತಿರಸ್ಕರಿಸಬಹುದು. ನಾಲ್ಕೈದು ಕ್ಲೇಮ್ ಕೇಳಿ, ಸಿಗುತ್ತದೆ.

ಕಾನೂನಿನ ಕಚ್ಚು

ಸಂಸದರ ಖರ್ಚಿನ ವಂಚನೆಗೆ ಮುಖ್ಯವಾಗಿ ಮೂರು ಕಾನೂನು ಬಳಸುತ್ತಾರೆ. ಫ್ರಾಡ್ ಆಕ್ಟ್ 2006ರ ಸುಳ್ಳು ನಿರೂಪಣೆಗೆ ಗರಿಷ್ಠ 10 ವರ್ಷ. ಥೆಫ್ಟ್ ಆಕ್ಟ್ 1968ರ 17ನೇ ಸೆಕ್ಷನ್, ಅಂದರೆ ಸುಳ್ಳು ಲೆಕ್ಕ, ಗರಿಷ್ಠ 7 ವರ್ಷ. 2009ರ ಕಾಯ್ದೆಯ 10ನೇ ಸೆಕ್ಷನ್ ಇಪ್ಸಾಗೆ ಗೊತ್ತಿದ್ದೂ ಸುಳ್ಳು ಮಾಹಿತಿ ಕೊಟ್ಟವರಿಗೆ, ಗರಿಷ್ಠ 12 ತಿಂಗಳು. ಕೊನೆಯದು ನೋಡಲು ಸಣ್ಣದು, ಕುರ್ಚಿ ಅಲುಗಾಡಿಸುವುದರಲ್ಲಿ ಮೂರರಲ್ಲಿ ಇದೇ ಚುರುಕು. ಏಕೆಂದು ವೇಲ್ಸಿನ ಬ್ರೆಕನ್ ಆಂಡ್ ರ‍್ಯಾಡ್ನರ್‌ಶೈರ್ ಕ್ಷೇತ್ರದ ಪ್ರಕರಣ ತೋರಿಸುತ್ತದೆ.

ಕ್ರಿಸ್ ಡೇವಿಸ್ ಹೊಸ ಸಂಸದರಾಗಿ ಕಚೇರಿ ಗೋಡೆಗೆ 9 ಫೋಟೊ ಕೊಂಡರು, ಒಟ್ಟು 700 ಪೌಂಡ್. ಹೊಸ ಕಚೇರಿಗೆಂದು ಕೊಡುವ ಬಜೆಟ್ಟಿನಲ್ಲಿ ಅಷ್ಟು ಉಳಿದಿರಲಿಲ್ಲ. ಅದಕ್ಕೆ ಒಂದೇ ಖರೀದಿಯನ್ನು 450 ಮತ್ತು 250 ಪೌಂಡಿನ ಎರಡು ಖೊಟ್ಟಿ ಇನ್‌ವಾಯ್ಸ್ ಮಾಡಿ ಎರಡು ಬಜೆಟ್ಟಿಗೆ ಹಂಚಿದರು. ಫೋಟೊ ನಿಜ, ಬೆಲೆ ನಿಜ, ಗೋಡೆಯೂ ನಿಜ. ನೇರವಾಗಿ ಕೇಳಿದ್ದರೆ ಸಿಗುತ್ತಿದ್ದ ದುಡ್ಡು. ಸುಳ್ಳಾಗಿದ್ದದ್ದು ಆ ಎರಡು ಕಾಗದ ಮಾತ್ರ. 2019ರಲ್ಲಿ 10ನೇ ಸೆಕ್ಷನ್ ಅಡಿ ತಪ್ಪೊಪ್ಪಿಕೊಂಡರು. ಶಿಕ್ಷೆ 1,500 ಪೌಂಡ್ ದಂಡ, 50 ಗಂಟೆ ಸಮುದಾಯ ಸೇವೆ. ಅಲ್ಲಿಗೆ ಮುಗಿಯಲಿಲ್ಲ. ಕ್ಷೇತ್ರದ 10,005 ಮತದಾರರು ರೀಕಾಲ್, ಅಂದರೆ ಸಂಸದರನ್ನು ವಾಪಸ್ ಕರೆಸುವ ಅರ್ಜಿಗೆ ಸಹಿ ಹಾಕಿ ಸೀಟು ಖಾಲಿ ಮಾಡಿಸಿದರು. ಆಗಸ್ಟ್ 1ರ ಉಪಚುನಾವಣೆಗೆ ಡೇವಿಸ್ ಮತ್ತೆ ನಿಂತು ಸೋತರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲಿಲ್ಲ.

ದುಡ್ಡು ಕೈಗೆ ಬಂದಿರಲೇಬೇಕೆಂದೂ ಇಲ್ಲ. ಶೆಫೀಲ್ಡ್ ಹ್ಯಾಲಮ್‌ನ ಜ್ಯಾರೆಡ್ ಒಮಾರಾ 2019ರಲ್ಲಿ ಇಲ್ಲದ ಸಂಸ್ಥೆಯ ಹೆಸರಿನಲ್ಲಿ ಇನ್‌ವಾಯ್ಸ್ ಕಳಿಸಿದರು. ಕೆಲಸ ನಡೆದಿದೆ ಎಂಬುದಕ್ಕೆ ಪುರಾವೆ ಸಾಲದೆಂದು ಇಪ್ಸಾ ತಡೆಹಿಡಿಯಿತು. ಆದರೂ 2023ರಲ್ಲಿ ಫ್ರಾಡ್ ಆಕ್ಟ್ ಅಡಿ 4 ವರ್ಷ ಜೈಲಾಯಿತು. ಲಾಭದ ಆಸೆಯಿಂದ ಸುಳ್ಳು ಹೇಳಿದ ಕ್ಷಣಕ್ಕೇ ಆ ಅಪರಾಧ ಪೂರ್ತಿಯಾಗುತ್ತದೆ. ಹಾಗಾಗಿ ಫೈಲಿನಲ್ಲಿ "ಕೊಟ್ಟಿಲ್ಲ" ಎಂದಿರುವ ಸಾಲನ್ನೂ ಕಡೆಗಣಿಸಬೇಡಿ.

ಇನ್ನು ಪಾರ್ಲಿಮೆಂಟರಿ ಪ್ರಿವಿಲೇಜ್, ಅಂದರೆ ಸದನದ ವಿಶೇಷ ಹಕ್ಕು. 1689ರ ಬಿಲ್ ಆಫ್ ರೈಟ್ಸ್‌ನ 9ನೇ ವಿಧಿಯ ಪ್ರಕಾರ ಸದನದ ಮಾತು, ಕಲಾಪಗಳನ್ನು ಕೋರ್ಟು ಪ್ರಶ್ನಿಸುವಂತಿಲ್ಲ. ಚೇಟರ್ ಮತ್ತು ಜೊತೆಗಾರರು ಈ ಗುರಾಣಿ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ಖರ್ಚಿನ ಫಾರಂ ತುಂಬುವುದು ಸದನದ ಕಲಾಪವಲ್ಲ ಎಂದು 2010ರ ಡಿಸೆಂಬರಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆದರೆ ಗುರಾಣಿ ಪೂರ್ತಿ ಮುರಿಯಲಿಲ್ಲ. ಸಂಸದರಾಗಿದ್ದ ಡೆನಿಸ್ ಮ್ಯಾಕ್‌ಶೇನ್ 19 ಸುಳ್ಳು ಇನ್‌ವಾಯ್ಸ್ ಕೊಟ್ಟಿದ್ದರು, ಮೊತ್ತ 12,900 ಪೌಂಡ್. ಸ್ಟ್ಯಾಂಡರ್ಡ್ಸ್ ಕಮಿಷನರ್ ವಿಚಾರಣೆಯಲ್ಲಿ ತಮ್ಮ ಪತ್ರಗಳಲ್ಲೇ ಅದನ್ನು ಹೇಳಿಕೊಂಡಿದ್ದರೂ ಆ ಪತ್ರಗಳು ಸದನದ ಕಲಾಪವಾದ್ದರಿಂದ ಪೊಲೀಸರು ಸಾಕ್ಷ್ಯವಾಗಿ ಬಳಸುವಂತಿರಲಿಲ್ಲ. 2012ರಲ್ಲಿ ಕೈಬಿಟ್ಟ ತನಿಖೆ ಮತ್ತೆ ತೆರೆದು, 2013ರ ಡಿಸೆಂಬರಿನಲ್ಲಿ 6 ತಿಂಗಳು ಶಿಕ್ಷೆಯಾಯಿತು. 2016ರಲ್ಲಿ ಲಾರ್ಡ್ಸ್ ಸಭೆಯ ಲಾರ್ಡ್ ಹ್ಯಾನಿಂಗ್‌ಫೀಲ್ಡ್ ಅವರ ಎರಡನೆಯ ಮೊಕದ್ದಮೆ ಬಿದ್ದೇಹೋಯಿತು. ದಿನಭತ್ಯೆ ಪಡೆದ ದಿನ ಅವರು ಮಾಡಿದ್ದು ಪಾರ್ಲಿಮೆಂಟಿನ ಕೆಲಸವೋ ಅಲ್ಲವೋ ಎಂದು ತೀರ್ಮಾನಿಸುವುದು ಸದನದ ಹಕ್ಕು ಎಂಬ ನಿಲುವು ಬಂದಾಗ ಪ್ರಾಸಿಕ್ಯೂಷನ್ ಸಾಕ್ಷ್ಯ ಮಂಡಿಸದೆ ಹಿಂದೆ ಸರಿಯಿತು. "ಕೆಲಸವೇ ಮಾಡದೆ ಭತ್ಯೆ ತಿಂದರು" ಎಂಬ ದೂರು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ, "ಈ ಇನ್‌ವಾಯ್ಸ್ ಖೊಟ್ಟಿ" ಎಂಬುದು ನಿಲ್ಲುತ್ತದೆ.

ಪೊಲೀಸರು ಸುಮ್ಮನಿದ್ದರೆ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಖಾಸಗಿ ಮೊಕದ್ದಮೆಯ ಹಕ್ಕಿದೆ. ನಾವು ಸಲಹೆ ಮಾಡುವುದಿಲ್ಲ. ಬೋರಿಸ್ ಜಾನ್ಸನ್ ಮೇಲೆ ಬ್ರೆಕ್ಸಿಟ್ ಪ್ರಚಾರದ ಅಂಕಿ ಅಂಶ ಹಿಡಿದು ಹೂಡಿದ ಖಾಸಗಿ ಪ್ರಕರಣದ ಸಮನ್ಸ್ ಅನ್ನೇ ಹೈಕೋರ್ಟ್ 2019ರಲ್ಲಿ ರದ್ದು ಮಾಡಿತು. ಖರ್ಚು ಹೂಡಿದವರ ತಲೆಗೆ.

ನಿಮ್ಮ ಸಹಿಗೆ ಇರುವ ಬಲ

ಭಾರತದ ಪಾಸ್‌ಪೋರ್ಟ್ ಹಿಡಿದ ಅನೇಕ ಕನ್ನಡಿಗರಿಗೆ ಇದು ಗೊತ್ತಿಲ್ಲ: ಕಾಮನ್‌ವೆಲ್ತ್ ಪ್ರಜೆಯಾಗಿ, ಮಾನ್ಯ ವೀಸಾದಲ್ಲಿ ಇಲ್ಲಿ ವಾಸವಿದ್ದರೆ ಪಾರ್ಲಿಮೆಂಟ್ ಚುನಾವಣೆಗೂ ಮತದಾರರಾಗಬಹುದು. ಬ್ರಿಟಿಷ್ ಪೌರತ್ವ ಬೇಕಿಲ್ಲ. ವಿದ್ಯಾರ್ಥಿ ವೀಸಾ, ಸ್ಕಿಲ್ಡ್ ವರ್ಕರ್ ವೀಸಾ ಎರಡೂ ನಡೆಯುತ್ತವೆ. ಆನ್‌ಲೈನಿನಲ್ಲಿ ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೊಟ್ಟು ನೋಂದಾಯಿಸಿದರೆ ಐದು ನಿಮಿಷದ ಕೆಲಸ. ಪಟ್ಟಿಯಲ್ಲಿ ಹೆಸರಿದ್ದರೆ ರೀಕಾಲ್ ಅರ್ಜಿಗೂ ಸಹಿ ಹಾಕಬಹುದು.

ರೀಕಾಲ್ ಜನ ಬಯಸಿದಾಗೆಲ್ಲ ತೆರೆಯುವ ಬಾಗಿಲಲ್ಲ. 2015ರ ಕಾಯ್ದೆ ಹೇಳುವ ಸಂದರ್ಭಗಳು ಮೂರೇ: ಸಂಸದರಿಗೆ ಜೈಲು ಶಿಕ್ಷೆಯಾಗಿರಬೇಕು (ಅಮಾನತಿನಲ್ಲಿಟ್ಟ ಶಿಕ್ಷೆಯೂ ಲೆಕ್ಕಕ್ಕುಂಟು), ಇಲ್ಲವೇ ಸ್ಟ್ಯಾಂಡರ್ಡ್ಸ್ ಸಮಿತಿಯ ವರದಿಯ ಮೇಲೆ ಸದನದಿಂದ ಕನಿಷ್ಠ 10 ಕಲಾಪದ ದಿನ ಅಮಾನತಾಗಿರಬೇಕು, ಇಲ್ಲವೇ ಆ 10ನೇ ಸೆಕ್ಷನ್ ಅಡಿ ಅಪರಾಧ ಸಾಬೀತಾಗಿರಬೇಕು. ಮೂರನೆಯದಕ್ಕೆ ದಂಡ ಎಷ್ಟೆಂಬುದು ಮುಖ್ಯವಲ್ಲ. ಡೇವಿಸ್ ಬರೀ ದಂಡ, ಸೇವೆಯಲ್ಲೇ ಸಿಕ್ಕಿಬಿದ್ದದ್ದು ಹೀಗೆ. ಅದೇ ಫ್ರಾಡ್ ಆಕ್ಟ್ ಅಡಿ ಬರೀ ದಂಡವಾಗಿದ್ದರೆ ರೀಕಾಲ್ ತಾನಾಗಿ ಬರುತ್ತಿರಲಿಲ್ಲ. ಅರ್ಜಿ ಆರು ವಾರ ತೆರೆದಿರುತ್ತದೆ, ಕ್ಷೇತ್ರದ ಮತದಾರರಲ್ಲಿ ಶೇ. 10ರಷ್ಟು ಸಹಿ ಬಿದ್ದರೆ ಸೀಟು ಖಾಲಿ. ಒಂದು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯಾದರೆ ಸಹಿಯ ಅಗತ್ಯವೇ ಇಲ್ಲ, ಸದಸ್ಯತ್ವ ತಾನಾಗಿ ಹೋಗುತ್ತದೆ.

ದೂರು ಕೊಟ್ಟ ಮೇಲೆ ಬಾಯಿ ಬಿಗಿ ಹಿಡಿಯಿರಿ. ಕನ್ನಡ ಸಂಘದ ಗುಂಪಿನಲ್ಲಿ "ಕಳ್ಳ" ಎಂದು ಬರೆದದ್ದೂ ಮಾನನಷ್ಟಕ್ಕೆ ದಾರಿಯಾಗಬಹುದು, ಭಾಷೆ ಕನ್ನಡ ಎಂಬುದು ರಕ್ಷಣೆಯಲ್ಲ. ಬಂಧನವಾದ ಮೇಲಂತೂ ವಿಚಾರಣೆಗೆ ಧಕ್ಕೆ ತರುವ ಬಹಿರಂಗ ಪೋಸ್ಟ್ ನ್ಯಾಯಾಂಗ ನಿಂದನೆಯಾಗಬಹುದು. ದೂರಿನಲ್ಲಿಯೂ ವಿಶೇಷಣ ಬೇಡ. ಕ್ಲೇಮ್ ನಂಬರ್, ರಸೀದಿಯ ಪ್ರತಿ, ಯಾವ ಮಾತು ಏಕೆ ಸುಳ್ಳೆನಿಸುತ್ತದೆ ಎಂಬ ಎರಡು ಪ್ಯಾರಾ ಸಾಕು.

ಸ್ಥಳೀಯ ಆಡಳಿತದ ಕೌನ್ಸಿಲರ್‌ಗಳ ಮಾತು ಬೇರೆ, ಅಲ್ಲಿ ಸಾಮಾನ್ಯರಿಗೆ ಸಂಸದರ ವಿಷಯದಲ್ಲೂ ಇಲ್ಲದ ಹಕ್ಕೊಂದಿದೆ. ಇಂಗ್ಲೆಂಡಿನ ಪ್ರತಿ ಕೌನ್ಸಿಲ್ ವರ್ಷಕ್ಕೊಮ್ಮೆ 30 ಕೆಲಸದ ದಿನ ಆ ವರ್ಷದ ಲೆಕ್ಕಪುಸ್ತಕ, ಕರಾರು, ಬಿಲ್, ವೋಚರ್, ರಸೀದಿಗಳನ್ನು ಪರಿಶೀಲನೆಗೆ ತೆರೆದಿಡಬೇಕು, ಇದು ಲೋಕಲ್ ಆಡಿಟ್ ಆಂಡ್ ಅಕೌಂಟಬಿಲಿಟಿ ಆಕ್ಟ್ 2014ರ 26ನೇ ಸೆಕ್ಷನ್. ನೋಟಿಸು ಕೌನ್ಸಿಲ್ ಜಾಲತಾಣದ ಮೂಲೆಯಲ್ಲಿ, ಸಾಮಾನ್ಯವಾಗಿ ಬೇಸಿಗೆಯಲ್ಲಿ ಬರುತ್ತದೆ. ಹುಡುಕದೆ ಕಣ್ಣಿಗೆ ಬೀಳುವುದಿಲ್ಲ. ಆ ಕೌನ್ಸಿಲಿನ ಮತದಾರರಾಗಿದ್ದರೆ 27ನೇ ಸೆಕ್ಷನ್ ಅಡಿ ಹೊರಗಿನ ಆಡಿಟರ್‌ಗೆ ಲಿಖಿತ ಆಕ್ಷೇಪ ಸಲ್ಲಿಸಬಹುದು. ಪ್ರತಿಯನ್ನು ಕೌನ್ಸಿಲ್‌ಗೂ ಕಳಿಸಲೇಬೇಕು, ಇದನ್ನು ಮರೆತು ಆಕ್ಷೇಪ ಕಳೆದುಕೊಂಡವರಿದ್ದಾರೆ. ಖರ್ಚು ಕಾನೂನುಬಾಹಿರ ಎಂದು ಘೋಷಿಸುವಂತೆ ಕೋರ್ಟಿಗೆ ಹೋಗಲು ಅಥವಾ ಸಾರ್ವಜನಿಕ ಹಿತದ ವರದಿ ಹೊರಡಿಸಲು ಆಡಿಟರ್‌ಗೆ ಅಧಿಕಾರವಿದೆ. 30 ದಿನ ಮುಗಿದ ಮರುದಿನ ಹೋದರೆ ಮುಂದಿನ ವರ್ಷದ ನೋಟಿಸಿಗೇ ಕಾಯಬೇಕು.